ಬಾಡಿಗೆ ಕಾರು ವಾಪಸ್ ಕೊಡುವಾಗ ಡೆಪಾಸಿಟ್ ರಗಳೆ: ಯಾವ ಚಾರ್ಜ್ ಕೊಡಬೇಕು, ಯಾವುದನ್ನು ಪ್ರಶ್ನಿಸಬಹುದು?

ಕೊಕ್ಕಡ: ಮದುವೆ, ಗೃಹಪ್ರವೇಶ, ನೇಮ, ಜಾತ್ರೆ ಶುರುವಾದರೆ ಬಾಡಿಗೆ ಕಾರಿಗೆ ಎಲ್ಲಿಲ್ಲದ ಬೇಡಿಕೆ. ಗಲ್ಫಿನಿಂದ ಒಂದು ತಿಂಗಳ ರಜೆಗೆ ಬಂದವರು, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಇಳಿದವರು, ಸೌತಡ್ಕ, ಧರ್ಮಸ್ಥಳ, ಸುಬ್ರಹ್ಮಣ್ಯ ಒಂದೇ ಸುತ್ತಿನಲ್ಲಿ ಮುಗಿಸಬೇಕು ಎನ್ನುವವರು ಈಗ ಡ್ರೈವರ್ ಇಲ್ಲದ ಕಾರನ್ನೇ ಕೇಳ್ತಾರೆ. ತಗೊಳ್ಳುವಾಗ ಏನೂ ತಕರಾರು ಇರುವುದಿಲ್ಲ. ವಾಪಸ್ ಕೊಡುವಾಗ ಮಾತು ಶುರುವಾಗ್ತದೆ. ‘ಬಂಪರಲ್ಲಿ ಗೀರು ಉಂಟು’, ‘ಎರಡು ಗಂಟೆ ಲೇಟ್’, ‘ಟೋಲ್ ಹಣ ಕಟ್ ಆಗಿದೆ’ ಎನ್ನುತ್ತಾ ಐದು ಸಾವಿರದ ಡೆಪಾಸಿಟ್‌ನಲ್ಲಿ ಕೈಗೆ ಬರುವುದು ಸಾವಿರವೋ ಒಂದೂವರೆ ಸಾವಿರವೋ.

ಕಾರು ಕೊಟ್ಟವರಿಗೂ ಅವರದ್ದೇ ಕಷ್ಟ ಇರ್ತದೆ. ಆದರೆ ಬಾಯಿಮಾತಿನ ಲೆಕ್ಕದಲ್ಲಿ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ. ಕೀ ಕೈಗೆ ಸಿಗುವ ಮೊದಲ ಹತ್ತು ನಿಮಿಷದಲ್ಲಿ ಮಾಡಿಟ್ಟುಕೊಂಡ ದಾಖಲೆಯೇ ಕೊನೆಗೆ ಡೆಪಾಸಿಟ್ ಉಳಿಸುವುದು. ಈ ಬಗ್ಗೆ ಕಾನೂನು ಏನು ಹೇಳ್ತದೆ, ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು ಎಂಬ ಮಾಹಿತಿ ಇಲ್ಲಿದೆ.

ಮೊದಲು ನಂಬರ್ ಪ್ಲೇಟ್ ನೋಡಿ

ಬಿಳಿ ಪ್ಲೇಟಿನಲ್ಲಿ ಕಪ್ಪು ಅಕ್ಷರ ಇದ್ದರೆ ಅದು ಸ್ವಂತ ಬಳಕೆಯ ಕಾರು. ಹಳದಿ ಪ್ಲೇಟಿನಲ್ಲಿ ಕಪ್ಪು ಅಕ್ಷರ ಇದ್ದರೆ ಟ್ಯಾಕ್ಸಿ. ಡ್ರೈವರ್ ಇಲ್ಲದೆ ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಪ್ಲೇಟಿನಲ್ಲಿ ಹಳದಿ ಅಕ್ಷರ ಇರಬೇಕು. ಮೋಟಾರು ವಾಹನ ಕಾಯ್ದೆಯಡಿ 1989ರಲ್ಲಿ ಬಂದ ‘ರೆಂಟ್ ಎ ಕ್ಯಾಬ್’ ಯೋಜನೆ ಪ್ರಕಾರ ಇಂಥ ವ್ಯವಹಾರಕ್ಕೆ ಲೈಸೆನ್ಸ್ ಬೇಕು. ಆ ಲೈಸೆನ್ಸ್ ಸಿಗಬೇಕಾದರೆ ಕನಿಷ್ಠ 50 ಕಾರು ಇರಬೇಕು.

ಒಂದೆರಡು ಕಾರು ಇರುವವರು ಇಷ್ಟು ದೊಡ್ಡ ಷರತ್ತು ಪೂರೈಸುವುದು ಹೇಗೆ? ಅದಕ್ಕೇ ಹಳ್ಳಿ ಕಡೆ ಬಿಳಿ ಬೋರ್ಡಿನ ಕಾರನ್ನೇ ಬಾಡಿಗೆಗೆ ಕೊಡುವ ಕ್ರಮ ಬೆಳೆದಿದೆ. ತೆರಿಗೆ, ಪರ್ಮಿಟ್, ಫಿಟ್‌ನೆಸ್ ಎಂದು ಖರ್ಚು ಮಾಡುವ ಟ್ಯಾಕ್ಸಿಯವರು ಇದರ ವಿರುದ್ಧ ಮಾತಾಡ್ತಲೇ ಇದ್ದಾರೆ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ ಕಾಯ್ದೆಯ 192ಎ ಸೆಕ್ಷನ್‌ನಲ್ಲಿ 10,000 ರೂ. ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಉಂಟು.

ಗ್ರಾಹಕರಿಗೆ ಇದರಲ್ಲಿ ದೊಡ್ಡ ಅಪಾಯ ವಿಮೆಯದ್ದು. ಸ್ವಂತ ಬಳಕೆಯ ಕಾರಿನ ಪಾಲಿಸಿಯಲ್ಲಿ ‘ಬಾಡಿಗೆಗೆ ಬಳಸುವಂತಿಲ್ಲ’ ಎಂಬ ಷರತ್ತು ಇರ್ತದೆ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಅಪಘಾತ ಆಯಿತೆಂದರೆ, ಬಾಡಿಗೆಗೆ ಹೋಗಿತ್ತೆಂದು ಗೊತ್ತಾದ ಮೇಲೆ ವಿಮಾ ಕಂಪನಿ ರಿಪೇರಿ ಹಣ ಕೊಡದೆ ಇರಬಹುದು. ಆಗ ಮಾತು ಸಾವಿರದ ಡೆಪಾಸಿಟ್‌ನಿಂದ ಲಕ್ಷದ ಲೆಕ್ಕಕ್ಕೆ ಹೋಗ್ತದೆ.

ಕೀ ತಗೊಳ್ಳುವ ಮೊದಲ ಹತ್ತು ನಿಮಿಷ

* ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು ವಿಡಿಯೋ ಮಾಡಿ. ನಾಲ್ಕೂ ಬಂಪರ್ ಮೂಲೆ, ಚಕ್ರದ ರಿಮ್, ಸೈಡ್ ಮಿರರ್, ಗಾಜು, ಮಾಡು, ಸೀಟು, ಸ್ಟೆಪ್ನಿ ಎಲ್ಲ ಕಾಣಬೇಕು. ಮಳೆಗಾಲದಲ್ಲಿ ಕೆಸರು ಮೆತ್ತಿದ್ದರೆ ಒರೆಸಿ ನೋಡಿ, ಕೆಸರಿನಡಿ ಗೀರು ಕಾಣುವುದಿಲ್ಲ.
* ಸ್ಟಾರ್ಟ್ ಮಾಡಿ ಕಿಲೋಮೀಟರ್, ಇಂಧನದ ಮುಳ್ಳು, ಉರಿಯುತ್ತಿರುವ ಎಚ್ಚರಿಕೆ ದೀಪಗಳ ಫೋಟೋ ತೆಗೆಯಿರಿ.
* ಅದೇ ಫೋಟೋಗಳನ್ನು ಅಲ್ಲೇ ನಿಂತು ಕಾರಿನವರ ವಾಟ್ಸ್ಆ್ಯಪ್‌ಗೆ ಕಳಿಸಿ. ಆಗ ದಿನ, ಗಂಟೆ ಇಬ್ಬರ ಫೋನಿನಲ್ಲೂ ಉಳಿಯುತ್ತದೆ. ಮೂಲ ಫೋಟೋಗಳನ್ನು ಅಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಹೋದ ಫೋಟೋದಲ್ಲಿ ತೆಗೆದ ಸಮಯದ ಮಾಹಿತಿ ಉಳಿಯುವುದಿಲ್ಲ.
* ದಿನದ ಬಾಡಿಗೆ, ಎಷ್ಟು ಕಿ.ಮೀ. ಉಚಿತ, ಮೇಲಿನ ಕಿ.ಮೀ.ಗೆ ಎಷ್ಟು, ಲೇಟಾದರೆ ಗಂಟೆಗೆ ಎಷ್ಟು, ಡೆಪಾಸಿಟ್ ಎಷ್ಟು, ಯಾವತ್ತು ವಾಪಸ್ ಎಂಬ ಆರು ವಿಷಯ ಬರಹದಲ್ಲಿ ಇರಲಿ. ಒಪ್ಪಂದದ ಕಾಗದ ಇಲ್ಲದಿದ್ದರೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ‘ಸರಿ’ ಎಂಬ ಉತ್ತರ ತರಿಸಿಕೊಳ್ಳಿ.
* ಆರ್‌ಸಿ, ವಿಮೆ, ಹೊಗೆ ತಪಾಸಣೆ ಸರ್ಟಿಫಿಕೇಟ್ ಚಾಲ್ತಿಯಲ್ಲಿ ಉಂಟಾ ನೋಡಿ.
* ಡೆಪಾಸಿಟ್ ಹಣವನ್ನು ಯುಪಿಐ ಮೂಲಕವೇ ಕೊಡಿ, ‘ಕಾರು ಡೆಪಾಸಿಟ್’ ಎಂದು ನೋಟ್ ಹಾಕಿ.

2013ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಝೂಮ್‌ಕಾರ್‌ನಂಥ ಆ್ಯಪ್‌ಗಳಲ್ಲಿ ಕಾರು ತಗೊಂಡರೆ ಫೋಟೋಗಳನ್ನು ಆ್ಯಪ್‌ನಲ್ಲೇ ಹಾಕಬೇಕಾಗ್ತದೆ. ನೆಟ್‌ವರ್ಕ್ ಇಲ್ಲ, ಆಮೇಲೆ ಹಾಕುವ ಎಂದು ಹೊರಟರೆ ಮೊದಲೇ ಇದ್ದ ಗೀರೂ ಗ್ರಾಹಕರ ಲೆಕ್ಕಕ್ಕೇ ಬೀಳಬಹುದು.

ಪಾಸ್‌ಪೋರ್ಟ್ ಅಡ ಇಡಬೇಡಿ

ಡೆಪಾಸಿಟ್ ಎಂದು ಹಣದ ಜತೆ ಬೈಕ್, ಮೂಲ ದಾಖಲೆ, ಸಹಿ ಹಾಕಿದ ಖಾಲಿ ಚೆಕ್ ಕೇಳುವವರೂ ಇದ್ದಾರೆ. ರಜೆಗೆ ಬಂದವರು ಅವಸರದಲ್ಲಿ ಪಾಸ್‌ಪೋರ್ಟನ್ನೇ ಕೊಟ್ಟುಬಿಟ್ಟರೆ ಕಷ್ಟ ಉಂಟು. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರಕಾರದ ಸ್ವತ್ತು. ಅದನ್ನು ಅಡ ಇಡುವ ಹಕ್ಕು ಹೊಂದಿದವರಿಗೂ ಇಲ್ಲ, ಇಟ್ಟುಕೊಳ್ಳುವ ಹಕ್ಕು ಕಾರಿನವರಿಗೂ ಇಲ್ಲ. ಎರಡು ಸಾವಿರದ ಗೀರಿನ ಜಗಳಕ್ಕೆ ವಿಮಾನ ತಪ್ಪಿದರೆ ಕೆಲಸವೇ ಹೋಗಬಹುದು.

ಖಾಲಿ ಚೆಕ್ ಕೊಡಲೇಬೇಡಿ. ಕೊಡಲೇಬೇಕಾದ ಸಂದರ್ಭ ಬಂದರೆ ಮೊತ್ತ ಬರೆದು, ‘ಸೆಕ್ಯುರಿಟಿಗೆ ಮಾತ್ರ’ ಎಂದು ಹಿಂಬದಿ ನಮೂದಿಸಿ ಫೋಟೋ ಇಟ್ಟುಕೊಳ್ಳಿ. ಗುರುತಿಗೆ ಲೈಸೆನ್ಸ್ ಪ್ರತಿ, ಮೊದಲ ಎಂಟು ಅಂಕಿ ಮುಚ್ಚಿದ ‘ಮಾಸ್ಕ್ಡ್ ಆಧಾರ್’ ಸಾಕು.

ಯಾವ ಚಾರ್ಜ್ ಸರಿ, ಯಾವುದು ಜಾಸ್ತಿ

ಇಲ್ಲಿ ನೆನಪಿಡಬೇಕಾದ ಕಾನೂನು 1872ರ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್. ಕಾಗದದಲ್ಲಿ ದಂಡ ಇಂತಿಷ್ಟು ಎಂದು ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ. ‘ಸಹಿ ಹಾಕಿದ್ದೀರಿ, ಮುಗೀತು’ ಎಂಬ ಮಾತು ಹಾಗಾಗಿ ಪೂರ್ತಿ ಸರಿಯಲ್ಲ.

ಲೇಟ್ ಚಾರ್ಜ್: ದಿನಕ್ಕೆ 2,400 ರೂ. ಬಾಡಿಗೆ ಎಂದಿಟ್ಟುಕೊಳ್ಳಿ. ಗಂಟೆಗೆ 100 ರೂ. ಬೀಳ್ತದೆ. ಎರಡು ಗಂಟೆ ಲೇಟಾದರೆ 200 ರೂ., ಸ್ವಲ್ಪ ಮೇಲೆ ಕೇಳಿದರೂ ಅರ್ಥ ಉಂಟು. ಇನ್ನೊಂದು ಇಡೀ ದಿನದ ಬಾಡಿಗೆ ಕೇಳಬೇಕಾದರೆ ಅದು ಮೊದಲೇ ಬರೆದಿರಬೇಕು, ಅಥವಾ ಮುಂದಿನ ಬುಕಿಂಗ್ ತಪ್ಪಿದ್ದಕ್ಕೆ ಲೆಕ್ಕ ತೋರಿಸಬೇಕು. ಪೆರಿಯಶಾಂತಿಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಎಷ್ಟು ಹೊತ್ತು ಎಂದು ಖಾತ್ರಿಯಲ್ಲಿ ಹೇಳುವ ಹಾಗಿಲ್ಲ. ತಡ ಆಗ್ತದೆ ಎಂದು ಗೊತ್ತಾದ ಕೂಡಲೇ ಮೆಸೇಜ್ ಹಾಕಿ.

ಇಂಧನ: ಎಷ್ಟು ಇತ್ತೋ ಅಷ್ಟೇ ಇಟ್ಟು ಕೊಡುವುದು ಕ್ರಮ. ವಾಪಸ್ ಕೊಡುವ ಜಾಗದ ಹತ್ತಿರದ ಬಂಕಿನಲ್ಲೇ ತುಂಬಿಸಿ ಬಿಲ್ ಇಟ್ಟುಕೊಳ್ಳಿ. 5 ಲೀಟರ್ ಕಡಿಮೆ ಇದ್ದರೆ 5 ಲೀಟರಿನ ಹಣ ಕೊಡಬೇಕು, ಅರ್ಧ ಟ್ಯಾಂಕಿನದ್ದಲ್ಲ.

ಟೋಲ್: ಮಂಗಳೂರಿನಿಂದ ಬರುವ ಕಾರು ಬ್ರಹ್ಮರಕೂಟ್ಲು ದಾಟಿಯೇ ಬರಬೇಕು, ಹಣ ಕಟ್ ಆಗುವುದು ಮಾಲೀಕರ ಫಾಸ್ಟ್ಯಾಗ್‌ನಿಂದ. ಅದನ್ನು ಕೊಡುವುದು ಗ್ರಾಹಕರ ಜವಾಬ್ದಾರಿ. ಆದರೆ ಮಾಲೀಕರಿಗೆ ಬಂದ ಮೆಸೇಜ್ ತೋರಿಸಿ ಕೇಳಲಿ. ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲದೆ ನಗದು ಕೊಟ್ಟರೆ ಎರಡು ಪಟ್ಟು. 2025ರ ನವೆಂಬರ್ 15ರಿಂದ ಯುಪಿಐಯಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು. ಫಾಸ್ಟ್ಯಾಗ್ ಖಾಲಿ ಇಟ್ಟು ಕಾರು ಕೊಟ್ಟಿದ್ದರೆ ಆ ಹೆಚ್ಚುವರಿ ಹಣವನ್ನು ಗ್ರಾಹಕರು ಪ್ರಶ್ನಿಸಬಹುದು.

ಟ್ರಾಫಿಕ್ ದಂಡ: ಕ್ಯಾಮೆರಾ ದಂಡ ಕೆಲವು ದಿನ ಬಿಟ್ಟು ಬರ್ತದೆ. ಚಲನ್‌ನಲ್ಲಿ ದಿನಾಂಕ, ಗಂಟೆ, ಸ್ಥಳ ಇರುತ್ತದೆ. ಆ ಹೊತ್ತಿಗೆ ಕಾರು ಯಾರ ಕೈಯಲ್ಲಿತ್ತೋ ಅವರು ಕೊಡಬೇಕು. ‘ಬರಬಹುದು’ ಎಂಬ ಲೆಕ್ಕದಲ್ಲಿ ಡೆಪಾಸಿಟ್ ಹಿಡಿದಿಡುವುದಾದರೆ ಎಷ್ಟು ದಿನಕ್ಕೆ ಎಂದು ಮೊದಲೇ ಹೇಳಬೇಕು.

ಗೀರು, ತಗ್ಗು: ತೋಟದ ದಾರಿಯಲ್ಲಿ ಕೆಂಪುಕಲ್ಲಿನ ಪಾಗಾರಕ್ಕೆ ತಾಗಿ ಗೀರು ಬಿದ್ದರೆ ಕೊಡಬೇಕಾದ್ದೇ. ಆದರೆ ಗ್ಯಾರೇಜಿನ ಅಂದಾಜು ಪಟ್ಟಿ, ಆಮೇಲೆ ಬಿಲ್ ಕೇಳಿ. ವಿಮೆಯಲ್ಲಿ ರಿಪೇರಿ ಮಾಡಿಸಿ, ಅದೇ ಹಣವನ್ನು ಪೂರ್ತಿ ಗ್ರಾಹಕರಿಂದಲೂ ತಗೊಂಡರೆ ಅದು ಎರಡು ಸಲ ವಸೂಲಿ. ವಿಮೆ ಕ್ಲೇಮ್ ಮಾಡಿದರೆ ಮಾಲೀಕರ ನೋ ಕ್ಲೇಮ್ ಬೋನಸ್ ಹೋಗುವುದು ನಿಜ, ಆ ನಷ್ಟವನ್ನು ಲೆಕ್ಕ ತೋರಿಸಿ ಕೇಳಬಹುದು.

ಕ್ಲಚ್, ಟಯರ್: ಇವು ಓಡಿದ ಹಾಗೆ ಸವೆಯುವ ಭಾಗಗಳು. ಹಲವು ಸಾವಿರ ಕಿ.ಮೀ. ಓಡಿದ ಕ್ಲಚ್ ಪ್ಲೇಟಿನ ಪೂರ್ತಿ ಬೆಲೆಯನ್ನು ಕೊನೆಯ ಎರಡು ದಿನ ಓಡಿಸಿದವರ ಮೇಲೆ ಹಾಕುವುದು ನ್ಯಾಯ ಅಲ್ಲ. ಘಾಟಿಯಲ್ಲಿ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿ ಸುಟ್ಟಿದ್ದರೆ ಮೆಕ್ಯಾನಿಕ್ ಬರೆದು ಕೊಡಲಿ.

ಕ್ಲೀನಿಂಗ್: ಕೆಸರು ಸಹಜ. ಮೀನಿನ ನೀರು, ವಾಂತಿ ಸೀಟಿಗಿಳಿದರೆ ಚಾರ್ಜ್ ಕೇಳುವುದು ತಪ್ಪಲ್ಲ. ವಾಟರ್ ಸರ್ವಿಸ್‌ನ ಬಿಲ್ ಎಷ್ಟೋ ಅಷ್ಟು.

ಡ್ರೈವರ್ ಇರುವ ಕಾರಿನ ‘ರಿಟರ್ನ್’

ಊರಿನ ಟ್ಯಾಕ್ಸಿಯಲ್ಲಿ ಜಗಳ ಬೇರೆ ಥರದ್ದು. ಮಂಗಳೂರು ವಿಮಾನ ನಿಲ್ದಾಣಕ್ಕೆ ಬಿಟ್ಟರೆ ಖಾಲಿ ಬರುವ ದಾರಿಗೂ ಡೀಸೆಲ್ ಬೇಕು, ಹಾಗಾಗಿ ರಿಟರ್ನ್ ಸೇರಿಸಿಯೇ ಬಾಡಿಗೆ ಹೇಳ್ತಾರೆ. ದೂರದ ಟ್ರಿಪ್ಪಿಗೆ ದಿನಕ್ಕೆ ಇಂತಿಷ್ಟು ಕಿ.ಮೀ. ಕನಿಷ್ಠ ಎಂಬ ಲೆಕ್ಕ, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಪ್ರತ್ಯೇಕ. ಹೊರಡುವ ಮೊದಲು ‘ರಿಟರ್ನ್ ಸೇರಿ ಎಷ್ಟು, ವೈಟಿಂಗ್ ಗಂಟೆಗೆ ಎಷ್ಟು, ಕಿಲೋಮೀಟರ್ ಶುರುವಾಗುವುದು ಸ್ಟ್ಯಾಂಡಿನಿಂದಲೋ ಮನೆಯಿಂದಲೋ’ ಎಂದು ಮೂರು ಪ್ರಶ್ನೆ ಕೇಳಿದರೆ ಮುಕ್ಕಾಲು ಜಗಳ ಇರುವುದಿಲ್ಲ.

ಕಾರು ಕೊಡುವವರೂ ಗಮನಿಸಿ

ಬಿಲ್ ಕೊಡದಿರುವುದೇ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎನಿಸಿಕೊಳ್ಳುತ್ತದೆ. ಮಿತಿಮೀರಿದ ಡೆಪಾಸಿಟ್, ಆದ ನಷ್ಟಕ್ಕೆ ಹೊಂದದ ದಂಡ ಇರುವ ಒಪ್ಪಂದವನ್ನು ಅದೇ ಕಾಯ್ದೆ ‘ಅನ್ಯಾಯದ ಒಪ್ಪಂದ’ ಎನ್ನುತ್ತದೆ. ಜಿಎಸ್‌ಟಿ ನಂಬರ್ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವ ಹಾಗಿಲ್ಲ. ವಾಪಸ್ ಬಂದ ಕಾರನ್ನು ಗ್ರಾಹಕರ ಎದುರೇ ನೋಡಿ, ‘ಸರಿ ಇದೆ’ ಅಥವಾ ‘ಇಂಥಲ್ಲಿ ಗೀರು’ ಎಂದು ಆಗಲೇ ಬರೆದು ಕೊಟ್ಟರೆ ಮಾಲೀಕರ ಮಾತಿಗೂ ಬಲ ಬರ್ತದೆ. ರಾತ್ರಿ ಕತ್ತಲಲ್ಲಿ ಕೀ ತಗೊಂಡು ಬೆಳಿಗ್ಗೆ ಗೀರಿನ ಫೋಟೋ ಕಳಿಸಿದರೆ ನಂಬುವುದು ಯಾರು?

ಹೊರದೇಶದಲ್ಲೂ ಇದೇ ಕಥೆ

ಈ ರಗಳೆ ನಮ್ಮ ಊರಿನದ್ದು ಮಾತ್ರ ಅಲ್ಲ. 2015ರಲ್ಲಿ ಯುರೋಪಿಯನ್ ಒಕ್ಕೂಟದ ಒತ್ತಡದ ಮೇಲೆ ಏವಿಸ್, ಎಂಟರ್‌ಪ್ರೈಸ್, ಯೂರೋಪ್‌ಕಾರ್, ಹರ್ಟ್ಜ್, ಸಿಕ್ಸ್ಟ್ ಎಂಬ ಐದು ದೊಡ್ಡ ಬಾಡಿಗೆ ಕಾರು ಕಂಪನಿಗಳು ನಿಯಮ ಸರಿಪಡಿಸಲು ಒಪ್ಪಿದ್ದವು. ಇಂಧನದ ಲೆಕ್ಕ, ವಾಹನ ತಪಾಸಣೆ, ಹಾನಿಗೆ ಹಣ ಕಡಿತ ಮಾಡುವ ಮೊದಲು ಗ್ರಾಹಕರಿಗೆ ಪ್ರಶ್ನಿಸುವ ಅವಕಾಶ ಅದರಲ್ಲಿ ಸೇರಿತ್ತು. ದುಬೈಯಲ್ಲಿ ಕಾರು ಬಾಡಿಗೆಗೆ ತಗೊಂಡವರಿಗೆ ‘ಸಾಲಿಕ್’ ಟೋಲ್ ಮತ್ತು ದಂಡದ ಲೆಕ್ಕ ಮುಗಿಯುವವರೆಗೆ ಡೆಪಾಸಿಟ್ ಕಾಯುವುದು ಗೊತ್ತೇ ಉಂಟು.

ದೂರು ಎಲ್ಲಿಗೆ?

ಮೊದಲು ಕಾರಿನವರಿಗೆ ಬರಹದಲ್ಲಿ ಕೇಳಿ: ಯಾವ ಚಾರ್ಜ್ ಯಾಕೆ, ಬಿಲ್ ಎಲ್ಲಿ, ಎಷ್ಟು ದಿನದಲ್ಲಿ ಹಣ ವಾಪಸ್. ಆ್ಯಪ್ ಆಗಿದ್ದರೆ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ಸಿಕ್ಕಿದೆ ಎಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಅವರು ಎದುರು ಪಕ್ಷಕ್ಕೆ ವಿಷಯ ಮುಟ್ಟಿಸಿ ರಾಜಿಗೆ ಪ್ರಯತ್ನಿಸ್ತಾರೆ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ.

ಆದೇಶ ಬೇಕಾದರೆ ಮಂಗಳೂರಿನಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕಾರು ಬೆಂಗಳೂರಿನಲ್ಲಿ ತಗೊಂಡಿದ್ದರೂ ಕೊಕ್ಕಡದಲ್ಲಿ ವಾಸ ಇರುವವರು ಇಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂ. ದಾಟದಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ದೂರು ಬೀಳಬೇಕು. 2025ರ ಜನವರಿಯಿಂದ ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ನೋಟಿಸ್ ಸಿಕ್ಕಿದ ಎದುರು ಪಕ್ಷ 30 ದಿನದಲ್ಲಿ ಉತ್ತರಿಸಬೇಕು, ಹೆಚ್ಚೆಂದರೆ ಇನ್ನು 15 ದಿನ ಸಿಗ್ತದೆ. ಒಂದು ವಿಷಯ ಗಮನಿಸಿ: ಒಪ್ಪಂದದ ಷರತ್ತೇ ಅನ್ಯಾಯದ್ದು, ರದ್ದು ಮಾಡಿ ಎಂದು ಕೇಳುವುದಾದರೆ ಅದು ರಾಜ್ಯ ಆಯೋಗದ ವ್ಯಾಪ್ತಿ. ಹಿಡಿದಿಟ್ಟ ಡೆಪಾಸಿಟ್ ವಾಪಸ್ ಕೇಳಲು, ಸೇವೆಯ ಕೊರತೆಗೆ ಪರಿಹಾರ ಕೇಳಲು ಜಿಲ್ಲಾ ಆಯೋಗ ಸಾಕು.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಸಿಗ್ತದೆ. ಅದರ ಸಹಾಯವಾಣಿ 15100. ಪಾಸ್‌ಪೋರ್ಟ್ ಅಥವಾ ಬೈಕ್ ಹಿಡಿದಿಟ್ಟು ಬೆದರಿಸಿದರೆ ಗ್ರಾಹಕ ಆಯೋಗಕ್ಕೆ ಕಾಯುವುದು ಬೇಡ, ನೇರ ಪೊಲೀಸ್ ಠಾಣೆಗೆ ದೂರು ಕೊಡಿ, ತುರ್ತಿಗೆ 112.

ದೂರಿನ ಜತೆ ಬೇಕಾದ್ದು ಇಷ್ಟೇ: ಒಪ್ಪಂದ ಅಥವಾ ವಾಟ್ಸ್ಆ್ಯಪ್ ಮಾತುಕತೆ, ಹಣ ಕೊಟ್ಟ ಯುಪಿಐ ದಾಖಲೆ, ತಗೊಂಡ ದಿನದ ಮತ್ತು ವಾಪಸ್ ಕೊಟ್ಟ ದಿನದ ಫೋಟೋ, ಬಂಕಿನ ಬಿಲ್, ಬರಹದಲ್ಲಿ ಕೇಳಿದ್ದಕ್ಕೆ ಬಂದ ಉತ್ತರ. ಇವಿಷ್ಟು ಫೋನಿನಲ್ಲಿ ಉಂಟು ಎಂದು ಗೊತ್ತಾದರೆ ಬಹಳಷ್ಟು ಲೆಕ್ಕ ಕಾರು ನಿಲ್ಲಿಸಿದ ಜಾಗದಲ್ಲೇ ಚುಕ್ತಾ ಆಗ್ತದೆ.