ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ: ತಳೇಗಾಂವ ದಾಭಾಡೆಯಲ್ಲಿ ಪುನಶ್ಚೇತನ ಕೇಂದ್ರದ ಆಯ್ಕೆ

ಪಾರ್ಶ್ವವಾಯುವಿಗೆ ತುತ್ತಾದ ಅಥವಾ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಹಿರಿಯರನ್ನು ಆಸ್ಪತ್ರೆಯವರು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬಿಡುಗಡೆ ಮಾಡುತ್ತಾರೆ. ನಡೆಯಲು, ನುಂಗಲು, ಮಾತನಾಡಲು ಮರಳಿ ಕಲಿಯುವ ದೀರ್ಘಕಾಲ ಆರಂಭವಾಗುವುದು ಅನಂತರವೇ. ಪಾರ್ಶ್ವವಾಯುವಿನಲ್ಲಿ ಮೊದಲ ಮೂರು ತಿಂಗಳ ಚೇತರಿಕೆಯೇ ಅತ್ಯಂತ ವೇಗದ್ದು. ಆದ್ದರಿಂದ ಬಿಡುಗಡೆಯ ದಿನ ಗಡಿಬಿಡಿಯಿಂದ ಕೇಂದ್ರವನ್ನು ಹುಡುಕುವುದು ಸಲ್ಲದು.

ಪುಣೆ–ಲೋಣಾವಳಾ ಲೋಕಲ್ ರೈಲು ಮಾರ್ಗದಲ್ಲಿರುವ ತಳೇಗಾಂವ ದಾಭಾಡೆಗೆ ತಂಪು ಹವೆಯ ಊರೆಂಬ ಹೆಸರು ಹಿಂದಿನಿಂದಲೂ ಇದೆ. ಇಲ್ಲಿನ ಹಳೆಯ ಆಸ್ಪತ್ರೆಯೊಂದರ ಹೆಸರೇ ತಳೇಗಾಂವ ಜನರಲ್ ಹಾಸ್ಪಿಟಲ್ ಆ್ಯಂಡ್ ಕನ್ವಲೆಸೆಂಟ್ ಹೋಮ್. ಮಾಯ್ಮರ್ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೂ ಈ ಊರಲ್ಲಿದೆ. ರಾತ್ರಿ ಉಸಿರಾಟ ಏರುಪೇರಾದರೆ ಸಮೀಪದಲ್ಲೊಂದು ದೊಡ್ಡ ಆಸ್ಪತ್ರೆ ಇರುವುದು ಹವೆಗಿಂತ ಮುಖ್ಯ.

ಮೊದಲು ಹೆಸರಿನ ಗೊಂದಲ. ಅಮೆರಿಕದಲ್ಲಿರುವ ಮಕ್ಕಳು ‘ನರ್ಸಿಂಗ್ ಹೋಮ್’ ಎಂದಾಗ ಅವರ ಮನಸ್ಸಿನಲ್ಲಿರುವುದು ದೀರ್ಘಕಾಲದ ಆರೈಕೆಯ ನಿಲಯ. ನಮ್ಮಲ್ಲಿ ಅದು ಚಿಕ್ಕ ಆಸ್ಪತ್ರೆ. ಮಹಾರಾಷ್ಟ್ರದಲ್ಲಿ 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆಗೆ ಒಳಪಟ್ಟದ್ದು. ವೃದ್ಧಾಶ್ರಮದ ಫಲಕದ ಮೇಲೆ ‘ಪುನಶ್ಚೇತನ’ ಎಂದು ಬರೆದ ಮಾತ್ರಕ್ಕೆ ಚಿಕಿತ್ಸೆ ದೊರೆಯುವುದಿಲ್ಲ. ನೋಂದಣಿ ಪತ್ರವನ್ನು ಕೇಳಿ ನೋಡುವುದರಲ್ಲಿ ಸಂಕೋಚವೇನೂ ಬೇಡ. ಫಿಸಿಯೋಥೆರಪಿಸ್ಟ್ ದಿನಕ್ಕೆ ಎಷ್ಟು ಹೊತ್ತು, ವಾರಕ್ಕೆ ಎಷ್ಟು ದಿನ ಬರುತ್ತಾರೆ? ರಾತ್ರಿ ಪಾಳಿಯಲ್ಲಿರುವವರು ತರಬೇತಿ ಪಡೆದ ದಾದಿಯರೋ, ಬರಿಯ ಸಹಾಯಕರೋ? ಮೇಲೇಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಒತ್ತಡದ ಹುಣ್ಣುಗಳಾಗುತ್ತವೆ. ಸಂಜೆ ಏಳರ ಅನಂತರ ಒಮ್ಮೆ ಹೋಗಿ ನೋಡುವುದು ಲೇಸು. ಹಗಲಿನಲ್ಲಿ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ.

ಇನ್ನು ಹಣದ ವಿಚಾರ. ಆರೋಗ್ಯ ವಿಮಾ ಪಾಲಿಸಿಗಳಲ್ಲಿ ‘ರೆಸ್ಟ್ ಕ್ಯೂರ್, ರಿಹ್ಯಾಬಿಲಿಟೇಶನ್ ಆ್ಯಂಡ್ ರೆಸ್ಪೈಟ್ ಕೇರ್’ ಎಂಬ ಹೊರಪಡಿಕೆಯ ಷರತ್ತು ಸಾಮಾನ್ಯ. ಮುಖ್ಯವಾಗಿ ವಿಶ್ರಾಂತಿ ಹಾಗೂ ನಿತ್ಯದ ಆರೈಕೆಗಾಗಿ ದಾಖಲಾದರೆ ವಿಮೆಯ ಹಣ ಬಾರದು. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಬಿಡುಗಡೆಯ ಅನಂತರ 60 ದಿನಗಳವರೆಗೆ ಅದೇ ಕಾಯಿಲೆಯ ವೈದ್ಯಕೀಯ ವೆಚ್ಚಕ್ಕೆ ಅವಕಾಶವುಂಟು. ವೈದ್ಯರ ಲಿಖಿತ ಸಲಹೆ, ಬಿಲ್ಲುಗಳನ್ನು ಜೋಪಾನವಾಗಿಡಬೇಕು. ನಿಶ್ಚಿತ ಠೇವಣಿಗಳನ್ನು ಅವಧಿಗೆ ಮೊದಲೇ ಮುರಿಸುವ ಪ್ರಸಂಗ ಬರುವುದು ಇಂಥಲ್ಲಿಯೇ. ಡಯಪರ್, ಔಷಧ, ಆಮ್ಲಜನಕ ಪ್ರತ್ಯೇಕವೇ ಎಂದು ಬರೆಹದಲ್ಲಿ ಪಡೆಯುವುದು ಒಳಿತು.

ನಮ್ಮವರು ಮರೆಯುವ ಸಂಗತಿಯೊಂದಿದೆ: ಭಾಷೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ತಾಯಿ ಐವತ್ತು ವರ್ಷ ಮರಾಠಿಯಲ್ಲಿ ವ್ಯವಹರಿಸಿದ್ದರೂ, ಮೊದಲು ಮರಳುವ ನುಡಿ ಕನ್ನಡವಾಗಿರಬಹುದು. ಆಕೆ ‘ನೀರು’ ಎಂದದ್ದು ಅರ್ಥವಾಗದೆ ‘ಗೊಂದಲದಲ್ಲಿದ್ದಾರೆ’ ಎಂದು ದಾಖಲಾದರೆ ಕಷ್ಟ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಇಂತಹ ರೋಗಿಗಳಿಗಾಗಿ ಕನ್ನಡದಲ್ಲೇ ಪರೀಕ್ಷೆ, ತರಬೇತಿ ಸಾಮಗ್ರಿಗಳನ್ನು ರೂಪಿಸಿದೆ. ಅವುಗಳ ಬಗ್ಗೆ ಇಲ್ಲಿನ ವಾಕ್‌ಚಿಕಿತ್ಸಕರಿಗೆ ತಿಳಿಸಬಹುದು. ನಿತ್ಯೋಪಯೋಗಿ ಇಪ್ಪತ್ತು ಕನ್ನಡ ಪದಗಳನ್ನು ದೇವನಾಗರಿಯಲ್ಲಿ ಬರೆದು ಹಾಸಿಗೆಯ ಬಳಿ ಅಂಟಿಸಿದರೆ ರಾತ್ರಿಯ ದಾದಿಗೂ ನೆರವಾಗುತ್ತದೆ.