ಒಂದು ಹಳೆಯ ವಿಮಾನ ಪ್ರತಿಕೃತಿ ಮತ್ತು ಇತಿಹಾಸದ ಸಾಕ್ಷ್ಯ

ಇತಿಹಾಸದ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತ, ಹಸ್ತಪ್ರತಿ ಮೊದಲಾದವು ನಮ್ಮ ನೆನಪಿಗೆ ಬರುವುದು ಸಹಜವೇ ಆಗಿದೆ. ಆಟಿಕೆಯ ಅಂಗಡಿಯಲ್ಲಿ ಮಾರಾಟವಾದ ವಸ್ತುವೊಂದನ್ನು ಇವುಗಳ ಸಾಲಿನಲ್ಲಿ ನಿಲ್ಲಿಸುವುದು ಕೆಲವರಿಗೆ ಉಚಿತವೆಂದು ತೋರದಿರಬಹುದು. ಆದರೂ ಅಂತಹ ಒಂದು ವಸ್ತುವನ್ನು ಕೈಯಾರೆ ಜೋಡಿಸುವ ಸಂದರ್ಭದಲ್ಲಿ ನಾವು ಮಾಡಿದ ಒಂದು ತಪ್ಪು, ಆಕರ ವಿಮರ್ಶೆಯ ವಿಷಯದಲ್ಲಿ ನಾವು ತರಗತಿಯಲ್ಲಿ ಹೇಳುತ್ತ ಬಂದಿರುವ ಮಾತುಗಳನ್ನು ಪುನಃ ಪರಿಶೀಲಿಸುವಂತೆ ಮಾಡಿತು. ಆ ತಪ್ಪಿನ ಸ್ವರೂಪವನ್ನೂ ಅದರಿಂದ ದೊರೆತ ಪಾಠವನ್ನೂ ಅಧ್ಯಾಪಕ ಮಿತ್ರರ ಮತ್ತು ವಿದ್ಯಾರ್ಥಿಗಳ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ನಾವು ಕೈಗೆತ್ತಿಕೊಂಡ ವಸ್ತು ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆಯವರು 1970ರಲ್ಲಿ ಹೊರತಂದ ಸ್ಪಿಟ್‌ಫೈರ್ ಯುದ್ಧವಿಮಾನದ ಪ್ರತಿಕೃತಿ. ಇದರ ಪ್ರಮಾಣ 24ರಲ್ಲಿ 1. ಎಂದರೆ ಮೂಲದ ಒಂದು ಅಡಿಗೆ ಪ್ರತಿಕೃತಿಯಲ್ಲಿ ಅರ್ಧ ಅಂಗುಲ. ಅದುವರೆಗೆ ಹೆಚ್ಚು ಬಳಕೆಯಲ್ಲಿದ್ದುದು 72ರಲ್ಲಿ 1ರ ಪ್ರಮಾಣ. ಸ್ಪಿಟ್‌ಫೈರಿನ ರೆಕ್ಕೆಗಳ ಹರವು 11.23 ಮೀಟರು, ಉದ್ದ 9.12 ಮೀಟರು. ಚಿಕ್ಕ ಪ್ರಮಾಣದಲ್ಲಿ ರೆಕ್ಕೆಯ ಹರವು 15.6 ಸೆಂಟಿಮೀಟರಾದರೆ, ದೊಡ್ಡ ಪ್ರಮಾಣದಲ್ಲಿ ಅದು 46.8 ಸೆಂಟಿಮೀಟರಾಗುತ್ತದೆ. ಹರವು ಮೂರು ಪಟ್ಟಾದಾಗ ಘನಗಾತ್ರ 27 ಪಟ್ಟಾಗುವುದರಿಂದ, ಅಂಗೈಯಲ್ಲಿ ಹಿಡಿಯಬಹುದಾಗಿದ್ದ ವಸ್ತು ಮೇಜನ್ನು ಆಕ್ರಮಿಸುತ್ತದೆ. ಚಿಕ್ಕದರಲ್ಲಿ ಮರೆಯಾಗಿ ಉಳಿಯುತ್ತಿದ್ದ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನು, ರೆಕ್ಕೆಯೊಳಗಿನ ಎಂಟು ಬ್ರೌನಿಂಗ್ ಬಂದೂಕುಗಳು, ಮಡಚಿಕೊಳ್ಳುವ ಗಾಲಿಗಳು ಇವೆಲ್ಲವನ್ನೂ ಇದರಲ್ಲಿ ತೋರಿಸಲು ಸಾಧ್ಯವಾಯಿತು. ಚಿಕ್ಕ ವಿದ್ಯುತ್ ಮೋಟಾರನ್ನು ಅಳವಡಿಸಿ ಪ್ರೊಪೆಲ್ಲರನ್ನು ತಿರುಗಿಸುವ ಅವಕಾಶವೂ ಇದ್ದಿತು.

ಈ ಪ್ರತಿಕೃತಿಗೆ ಮೂಲವಾದ ವಿಮಾನದ ಚರಿತ್ರೆ ಸುಪರಿಚಿತವಾದುದೇ. ಸೂಪರ್‌ಮರೀನ್ ಸಂಸ್ಥೆಯ ಆರ್. ಜೆ. ಮಿಚೆಲ್ ರೂಪಿಸಿದ ಮೊದಲ ಮಾದರಿ ವಿಮಾನ 1936ನೆಯ ಮಾರ್ಚ್ 5ರಂದು ಸೌತಾಂಪ್ಟನ್ ಬಳಿಯ ಈಸ್ಟ್‌ಲೀಯಲ್ಲಿ ಹಾರಿತು. ಮಿಚೆಲ್ ಮರುವರ್ಷವೇ ತೀರಿಕೊಂಡನು. 1940ರ ಜುಲೈ 10ರಿಂದ ಅಕ್ಟೋಬರ್ 31ರವರೆಗೆ ನಡೆಯಿತೆಂದು ಬ್ರಿಟಿಷರು ಲೆಕ್ಕವಿಡುವ ಆಕಾಶಯುದ್ಧದಲ್ಲಿ ಈ ವಿಮಾನ ಹರಿಕೇನಿನೊಡನೆ ಭಾಗವಹಿಸಿ, ಆ ದೇಶದ ಜನರ ಮನಸ್ಸಿನಲ್ಲಿ ಒಂದು ಲಾಂಛನವಾಗಿ ನಿಂತಿತು. ಆ ಯುದ್ಧವನ್ನು ವಸ್ತುವಾಗುಳ್ಳ ದೊಡ್ಡ ಚಲನಚಿತ್ರವೊಂದು 1969ರಲ್ಲಿ ತೆರೆಗೆ ಬಂದಿತು. 1970 ಆ ಯುದ್ಧದ ಮೂವತ್ತನೆಯ ವರ್ಷ. ಯುದ್ಧದಲ್ಲಿ ಹೋರಾಡಿದವರು ನಡುವಯಸ್ಸನ್ನು ತಲುಪಿ, ಅವರ ಮಕ್ಕಳು ಪ್ರತಿಕೃತಿಗಳನ್ನು ಜೋಡಿಸುವ ವಯಸ್ಸಿಗೆ ಬಂದಿದ್ದ ಕಾಲವದು. ಆದಕಾರಣ ಈ ಪೆಟ್ಟಿಗೆಯಲ್ಲಿ ಎರಡು ಕಾಲಗಳು ಅಡಗಿವೆಯೆಂದು ಹೇಳಬಹುದು: ವಿಮಾನವು ಹಾರಿದ 1940 ಒಂದು, ಆ ವಿಮಾನವನ್ನು ನೆನೆದ 1970 ಮತ್ತೊಂದು.

ಜೋಡಣೆಗೆ ತೊಡಗಿದವನಿಗೆ ಮೊದಲು ಎದುರಾಗುವುದು ಕಾಲನಿರ್ಣಯದ ಪ್ರಶ್ನೆಯೇ. ಹೊರನೋಟಕ್ಕೆ ಇದೊಂದು ಸ್ಪಿಟ್‌ಫೈರ್, ಅಷ್ಟೇ. ಆದರೆ ಮೊದಲನೆಯ ರೂಪದ ಸ್ಪಿಟ್‌ಫೈರ್ ಎಂಬುದು ಒಂದೇ ವಸ್ತುವಲ್ಲ. ಮೊದಮೊದಲು ತಯಾರಾದ ವಿಮಾನಗಳಿಗೆ ಎರಡು ಅಲಗಿನ ಮರದ ಪ್ರೊಪೆಲ್ಲರುಗಳಿದ್ದವು. ಅನಂತರ ಮೂರು ಅಲಗಿನವು ಬಂದವು. 1940ರ ಬೇಸಿಗೆಯಲ್ಲಿ ಅಲಗಿನ ಕೋನವನ್ನು ತಾನೇ ಹೊಂದಿಸಿಕೊಳ್ಳುವ ಏರ್ಪಾಡನ್ನು ಅವಸರವಸರವಾಗಿ ಅಳವಡಿಸಿದರು. ಬಣ್ಣದ ವಿಚಾರವೂ ಹೀಗೆಯೇ. ಮೇಲ್ಮೈಗೆ ಕಂದು ಮತ್ತು ಹಸಿರು. ಕೆಳಮೈಗೆ ಮಾತ್ರ ಯುದ್ಧದ ಮೊದಲ ತಿಂಗಳುಗಳಲ್ಲಿ ಅರ್ಧ ಕಪ್ಪು, ಅರ್ಧ ಬಿಳಿ. 1940ರ ಜೂನಿನಿಂದ ಈಚೆಗೆ ತಿಳಿಹಸಿರು ಛಾಯೆಯ ಆಕಾಶವರ್ಣ. ಹೀಗಿರುವಲ್ಲಿ 'ಸ್ಪಿಟ್‌ಫೈರನ್ನು ಜೋಡಿಸುತ್ತೇನೆ' ಎಂದರೆ ಸಾಲದು. ಯಾವ ತಿಂಗಳಿನ ಸ್ಪಿಟ್‌ಫೈರನ್ನು ಎಂಬುದನ್ನು ಹೇಳಬೇಕಾಗುತ್ತದೆ. 'ವಿಜಯನಗರ ಕಾಲದಲ್ಲಿ' ಎಂದು ಮೂರು ಶತಮಾನಗಳನ್ನು ಒಂದೇ ಮಾತಿನಲ್ಲಿ ಮುಗಿಸುವ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ ಎಚ್ಚರಿಕೆ ಬೇರೊಂದಿಲ್ಲ. ನಾವು 1940ರ ಆಗಸ್ಟ್ ತಿಂಗಳನ್ನು ಆರಿಸಿಕೊಂಡೆವು.

ಹಳೆಯ ಕಿಟ್ಟಿನ ವಸ್ತುಸ್ಥಿತಿಯನ್ನು ಕುರಿತು ಎರಡು ಮಾತು. ಇದರ ಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿ ಇವನ್ನು ಎರೆಯುತ್ತಾರೆ. ಗಣಕಯಂತ್ರಗಳು ಬಳಕೆಗೆ ಬರುವ ಮುಂಚೆ, ಕುಶಲಕರ್ಮಿಗಳು ಮೊದಲು ದೊಡ್ಡ ಅಳತೆಯ ಮೂಲರೂಪವನ್ನು ಕೈಯಿಂದ ಕಡೆದು, ಪ್ಯಾಂಟೊಗ್ರಾಫ್ ಎಂಬ ಯಂತ್ರದ ನೆರವಿನಿಂದ ಅದನ್ನು ಕುಗ್ಗಿಸಿ ಉಕ್ಕಿಗೆ ಇಳಿಸುವುದು ವಾಡಿಕೆಯಾಗಿತ್ತು. ಎಂದರೆ ವಿಮಾನಕ್ಕೂ ನಮ್ಮ ಕೈಗೂ ನಡುವೆ ನಕ್ಷೆಗಾರನ ಕಣ್ಣು, ಕಡೆಯುವವನ ಉಳಿ, ಯಂತ್ರದ ಸೂಜಿ ಇವಿಷ್ಟೂ ಇರುತ್ತವೆ. ಮೂಲಕ್ಕೂ ಪ್ರತಿಗೂ ನಡುವೆ ಹಲವು ಲಿಪಿಕಾರರಿರುವಂತೆ. ಬಹುಕಾಲ ಬೀರುವಿನಲ್ಲಿದ್ದ ನಮ್ಮ ಪೆಟ್ಟಿಗೆಯಲ್ಲಿ ಒಂದೆರಡು ಉದ್ದನೆಯ ಭಾಗಗಳು ಸೆಕೆಗೆ ಬಾಗಿದ್ದವು. ಅಂಟುಚಿತ್ರಗಳ ಹಾಳೆ ಹಳದಿಗೆ ತಿರುಗಿತ್ತು. ಬಾಗಿದವನ್ನು ಬಿಸಿನೀರಿನಲ್ಲಿ ಅದ್ದಿ ಮೆಲ್ಲಗೆ ನೇರಮಾಡಿದೆವು. ಹಾಳೆಯನ್ನು ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿಗೆ ಒಡ್ಡಿದಾಗ ಕೆಲವು ದಿನಗಳಲ್ಲಿ ಹಳದಿ ಬಹುಮಟ್ಟಿಗೆ ಕಳೆಯಿತು. ಇವು ಶ್ರಮದ ಕೆಲಸಗಳೇ ಹೊರತು ಸಂದಿಗ್ಧದ ಕೆಲಸಗಳಲ್ಲ.

ಸಂದಿಗ್ಧ ಬಂದುದು ರಿವೆಟ್ಟುಗಳ ವಿಚಾರದಲ್ಲಿ. ಆ ಕಾಲದ ದೊಡ್ಡ ಪ್ರತಿಕೃತಿಗಳಲ್ಲಿ ಲೋಹದ ತಗಡುಗಳನ್ನು ಬಿಗಿಯುವ ರಿವೆಟ್ಟುಗಳನ್ನು ಮೇಲಕ್ಕೆ ಉಬ್ಬಿದ ಚುಕ್ಕೆಗಳಾಗಿ ತೋರಿಸುವುದು ರೂಢಿಯಾಗಿತ್ತು. ನಮ್ಮ ಪ್ರತಿಕೃತಿಯ ಮೈಮೇಲೂ ಇಂತಹ ಚುಕ್ಕೆಗಳ ಸಾಲುಗಳಿದ್ದವು. 24ರಲ್ಲಿ 1ರ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿನ ಚುಕ್ಕೆ ಮೂಲದಲ್ಲಿ 12 ಮಿಲಿಮೀಟರಿಗೆ ಸಮ. ಅಷ್ಟು ದೊಡ್ಡ ತಲೆಗಳನ್ನು ಹೊತ್ತ ವಿಮಾನ ವೇಗವಾಗಿ ಹಾರಲಾರದೆಂಬುದು ಯಾರಿಗಾದರೂ ಹೊಳೆಯುತ್ತದೆ.

ಇಲ್ಲಿ ಸ್ಪಿಟ್‌ಫೈರಿನ ಚರಿತ್ರೆಯಲ್ಲಿ ಪ್ರಸಿದ್ಧವಾದ ಪ್ರಯೋಗವೊಂದನ್ನು ಸ್ಮರಿಸಬೇಕು. ಮೈಗೆ ಸಮನಾಗಿ ಕೂರುವ ರಿವೆಟ್ಟುಗಳನ್ನು ಹೊಡೆಯಲು ಹೆಚ್ಚು ಸಮಯವೂ ಹಣವೂ ಬೇಕಾಗುತ್ತಿದ್ದುದರಿಂದ, ಅವು ಎಲ್ಲೆಲ್ಲಿ ಅನಿವಾರ್ಯ ಎಂಬುದನ್ನು ತಿಳಿಯಬೇಕಾಗಿತ್ತು. ಅದಕ್ಕಾಗಿ ಮೊದಲ ಮಾದರಿಯ ನುಣುಪಾದ ಮೈಮೇಲೆ ಪ್ರತಿಯೊಂದು ರಿವೆಟ್ಟಿನ ಸ್ಥಾನದಲ್ಲಿಯೂ ಒಂದೊಂದು ಒಡೆದ ಬಟಾಣಿ ಬೇಳೆಯನ್ನು ಅಂಟಿಸಿ ಹಾರಿಸಿದರು. ವೇಗ ಗಂಟೆಗೆ 22 ಮೈಲಿಗಳಷ್ಟು ಕುಗ್ಗಿತೆಂದು ಪರೀಕ್ಷಾ ವೈಮಾನಿಕ ಜೆಫ್ರಿ ಕ್ವಿಲ್ ಬರೆದಿಟ್ಟಿದ್ದಾನೆ. ಬಳಿಕ ಬೇಳೆಗಳನ್ನು ಸಾಲುಸಾಲಾಗಿ ಕಿತ್ತು, ಯಾವ ಸ್ಥಳದ ಉಬ್ಬು ಎಷ್ಟು ವೇಗವನ್ನು ನುಂಗುತ್ತದೆಂಬುದನ್ನು ಅಳೆದರು.

ಈ ವೃತ್ತಾಂತವನ್ನು ಓದಿದೊಡನೆ ನಾವು ಒಂದು ತೀರ್ಮಾನಕ್ಕೆ ಬಂದೆವು: 1940ರ ವಿಮಾನದ ಮೈ ನುಣುಪು, 1970ರ ಅಚ್ಚು ಅದರ ಮೇಲೆ ಉಬ್ಬುಗಳನ್ನು ಹೇರಿದೆ, ಆದುದರಿಂದ ಉಬ್ಬುಗಳನ್ನು ಅಳಿಸುವುದು ಇತಿಹಾಸಕ್ಕೆ ಮಾಡುವ ನ್ಯಾಯ. ಒಡಲಿನ ಎರಡು ಹೋಳುಗಳನ್ನು ಅಂಟಿಸಿದ ಮೇಲೆ ಬೆಸುಗೆಯ ಗೆರೆಯನ್ನು ಹೇಗೂ ಮರಳುಕಾಗದದಿಂದ ಉಜ್ಜಬೇಕಾಗಿತ್ತು. ಆ ಉಜ್ಜುವಿಕೆಯನ್ನೇ ಮುಂದುವರಿಸಿ, ಬಲಮಗ್ಗುಲನ್ನು ಮೂಗಿನಿಂದ ಬಾಲದವರೆಗೆ ನುಣುಪುಮಾಡಿದೆವು. ಒಂದು ಸಂಜೆಯ ಕೆಲಸದಲ್ಲಿ ನೂರಾರು ಚುಕ್ಕೆಗಳು ಬಿಳಿಯ ಪುಡಿಯಾದವು. ಕೆಲಸ ಚೆನ್ನಾಗಿಯೇ ಕಂಡಿತು. ನಮಗೆ ತೃಪ್ತಿಯೂ ಆಯಿತು.

ಎಡಮಗ್ಗುಲಿಗೆ ಕೈಹಚ್ಚುವ ಮುನ್ನ ವಿಮಾನದ ನಿರ್ಮಾಣವಿಧಾನವನ್ನು ಕುರಿತು ಇನ್ನಷ್ಟು ಓದಿದಾಗ ನಮ್ಮ ತಪ್ಪು ತಿಳಿಯಿತು. ಬಟಾಣಿಯ ಪ್ರಯೋಗದ ಫಲ, ಎಲ್ಲೆಡೆಯೂ ಸಮತಲದ ರಿವೆಟ್ಟುಗಳು ಬೇಕೆಂಬುದಾಗಿರಲಿಲ್ಲ. ಗಾಳಿಯ ಹರಿವು ಅಡೆತಡೆಯಿಲ್ಲದೆ ಸಾಗಲೇಬೇಕಾದ ಕಡೆ, ಮುಖ್ಯವಾಗಿ ರೆಕ್ಕೆಯ ಪ್ರಧಾನ ತೊಲೆಗೆ ಮುಂದಿನ ಭಾಗದಲ್ಲಿ, ಸಮತಲದವನ್ನು ಬಳಸಿದರು. ಒಡಲಿನ ತಗಡುಗಳಿಗೆ ಗುಮ್ಮಟದ ತಲೆಯ ರಿವೆಟ್ಟುಗಳೇ ಸಾಕೆಂದು ಬಿಟ್ಟರು. ಒಡಲಿನ ಮೇಲೂ ಸಮತಲದ ರಿವೆಟ್ಟುಗಳು ಬಂದುದು 1943ರ ಫೆಬ್ರವರಿಯಿಂದ ಈಚೆಗೆ. ಅಂದಮೇಲೆ 1940ರ ಆಗಸ್ಟಿನ ಸ್ಪಿಟ್‌ಫೈರಿನ ಒಡಲಿನ ಮೇಲೆ ಉಬ್ಬುಗಳು ಇದ್ದೇ ಇದ್ದವು. 1970ರ ಕುಶಲಕರ್ಮಿ ಅವುಗಳ ಗಾತ್ರವನ್ನು ಹಿಗ್ಗಿಸಿದ್ದುದು ನಿಜ. ಒಡಲಿನ ಮಟ್ಟಿಗಾದರೂ ಇರುವಿಕೆಯನ್ನು ಕಲ್ಪಿಸಿರಲಿಲ್ಲ. ಅವನನ್ನು ತಿದ್ದಹೊರಟ ನಾವು ಮೂಲದಲ್ಲಿದ್ದುದನ್ನೇ ಅಳಿಸಿ, ಮೂರು ವರ್ಷ ಅನಂತರದ ಮೈಯನ್ನು 1940ರ ವಿಮಾನಕ್ಕೆ ತೊಡಿಸಿದ್ದೆವು.

ಈ ತಪ್ಪು ಕೇವಲ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದುದಲ್ಲವೆಂದು ನಮ್ಮ ಭಾವನೆ. ಉತ್ಪ್ರೇಕ್ಷೆ ಬೇರೆ, ಅಸತ್ಯ ಬೇರೆ. ದಂಡಯಾತ್ರೆಯನ್ನು ವರ್ಣಿಸುವ ಪ್ರಶಸ್ತಿಶಾಸನವು ಸೈನ್ಯದ ಸಂಖ್ಯೆಯನ್ನು ಹಿಗ್ಗಿಸಿ ಹೇಳಿದರೆ, ದಂಡಯಾತ್ರೆಯೇ ನಡೆಯಲಿಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ. ಸಾಕ್ಷಿಯೊಬ್ಬನು ಅಳತೆಯಲ್ಲಿ ತಪ್ಪಿದನೆಂದು ಕಂಡಾಗ ಅವನ ಮಾತನ್ನೆಲ್ಲ ತಳ್ಳಿಹಾಕುವ ಪ್ರವೃತ್ತಿ ನಮ್ಮಲ್ಲಿ ಬಲವಾಗಿರುತ್ತದೆ. ಹಾಗೆ ತಳ್ಳಿಹಾಕುವುದನ್ನೇ ನಾವು ವಿಮರ್ಶೆಯೆಂದು ಕರೆಯುತ್ತೇವೆ. ನಾವು ಆ ಸಂಜೆ ಮಾಡಿದುದು ಅದನ್ನೇ. ಅದಕ್ಕೂ ಮಿಗಿಲಾದ ದೋಷವೆಂದರೆ, ಅಳಿಸಿದುದನ್ನು ಎಲ್ಲಿಯೂ ಗುರುತುಹಾಕಿಕೊಳ್ಳದಿದ್ದುದು. ಗ್ರಂಥಸಂಪಾದಕನು ಪಾಠವನ್ನು ತಿದ್ದಿದಾಗ ಮೂಲಪಾಠವನ್ನು ಅಡಿಯಲ್ಲಿ ಕೊಡುತ್ತಾನೆ. ಅವನ ತಿದ್ದುಪಡಿ ತಪ್ಪಾದರೆ ಮುಂದಿನವನು ಹಿಂದಕ್ಕೆ ಹೋಗಲು ದಾರಿಯಿರುತ್ತದೆ. ಮರಳುಕಾಗದಕ್ಕೆ ಅಡಿಟಿಪ್ಪಣಿಯಿಲ್ಲ.

ಮೂಲವಸ್ತುವಿನಲ್ಲಿಯೇ ಇಂತಹ ಪ್ರಶ್ನೆಗಳಿಲ್ಲವೆಂದು ಭಾವಿಸಬಾರದು. ಪಿ 9374 ಎಂಬ ಸಂಖ್ಯೆಯ ಸ್ಪಿಟ್‌ಫೈರ್ 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಕ್ಯಾಲೆಯ ಬಳಿ ಕಡಲತೀರದಲ್ಲಿ ಇಳಿದು ಮರಳಿನಲ್ಲಿ ಹೂತುಹೋಯಿತು, 1980ರಲ್ಲಿ ಹೊರಬಿದ್ದಿತು, ಪುನರ್ನಿರ್ಮಾಣಗೊಂಡು 2011ರಲ್ಲಿ ಮತ್ತೆ ಹಾರಿತು. ನಲವತ್ತು ವರ್ಷ ಉಪ್ಪುನೀರಿನಲ್ಲಿದ್ದ ವಿಮಾನವನ್ನು ಹಾರಿಸಬೇಕಾದರೆ ಹೊಸ ಲೋಹ ಬಹಳವಾಗಿ ಬೇಕಾಗುತ್ತದೆ. ಅದು 1940ರ ವಿಮಾನವೇ, 2011ರ ವಿಮಾನವೇ ಎಂದು ಕೇಳಿದರೆ, ಎರಡೂ ಹೌದೆಂದು ಹೇಳಬೇಕಾಗುತ್ತದೆ.

ಪ್ರತಿಕೃತಿಯು ಎಲ್ಲ ವಿಷಯಗಳಲ್ಲಿಯೂ ಮೂಲಕ್ಕೆ ನಿಷ್ಠವಾಗಿರಲಾರದು. ಯಾವುದಕ್ಕೆ ನಿಷ್ಠವಾಗಿರಬೇಕೆಂಬುದನ್ನು ಅದರ ಉದ್ದೇಶ ನಿರ್ಧರಿಸುತ್ತದೆ. ಇದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ನಿದರ್ಶನವುಂಟು. ಜರ್ಮನಿಯಲ್ಲಿ ಸ್ಪಿಟ್‌ಫೈರಿನ ಪ್ರತಿಸ್ಪರ್ಧಿಯಾದ ಫೋಕೆವುಲ್ಫ್ 190 ವಿಮಾನವನ್ನು ರೂಪಿಸಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ಬಂದನು. ಅವನ ನೇತೃತ್ವದಲ್ಲಿ ಎಚ್‌ಎಫ್ 24 ಮಾರುತ್ ಜೆಟ್ ವಿಮಾನವನ್ನು ಕಟ್ಟುವ ಮೊದಲು, ಅದೇ ಆಕಾರದ, ಪೂರ್ಣ ಅಳತೆಯ, ಎಂಜಿನಿಲ್ಲದ ಮರದ ಗ್ಲೈಡರೊಂದನ್ನು ರಚಿಸಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿದರು. ಮಾರುತ್ 1961ರ ಜೂನ್ 17ರಂದು ಹಾರಿತು. ಆ ಗ್ಲೈಡರು ಆಕಾರಕ್ಕೆ ನಿಷ್ಠ, ದ್ರವ್ಯಕ್ಕಲ್ಲ. ಅದನ್ನು ಕಟ್ಟಿದವರಿಗೆ ಆ ಭೇದ ಸ್ಪಷ್ಟವಾಗಿ ತಿಳಿದಿತ್ತು. ಬಟಾಣಿ ಬೇಳೆಯೂ ಉಬ್ಬಿಗೆ ಮಾತ್ರ ಪ್ರತಿನಿಧಿ. ಯಾವ ಅಂಶದಲ್ಲಿ ತಾನು ಮೂಲವನ್ನು ಹೋಲುತ್ತೇನೆಂದು ಹೇಳಿಕೊಳ್ಳುವ ಪ್ರತಿಕೃತಿಯಿಂದ ಮೋಸವಿಲ್ಲ, ಹೇಳಿಕೊಳ್ಳದಿರುವುದರಿಂದಲೇ ಅಪಾಯ.

ಏರ್‌ಫಿಕ್ಸ್ ಹೆಸರಿನಲ್ಲಿಯೇ 2022ರಲ್ಲಿ ಇದೇ ಪ್ರಮಾಣದ ಹೊಸ ಸ್ಪಿಟ್‌ಫೈರ್ ಪ್ರತಿಕೃತಿಯೊಂದು ಬಂದಿದೆ. ಅದು ಒಂಬತ್ತನೆಯ ರೂಪದ ವಿಮಾನದ್ದು. ಹೊಸದು ದೊರೆಯುತ್ತಿರುವಾಗ ಹಳೆಯದರ ಗೊಡವೆಯೇಕೆಂದು ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದನು. ವಿಮಾನವೊಂದನ್ನೇ ಅರಿಯಬೇಕೆಂದಿದ್ದರೆ ಅವನ ಪ್ರಶ್ನೆ ನ್ಯಾಯವಾದುದು. ಆದರೆ ಯುದ್ಧ ಮುಗಿದು ಕಾಲು ಶತಮಾನವಾದ ಮೇಲೆ ಒಂದು ಜನಾಂಗ ತನ್ನ ವಿಮಾನವನ್ನು ಹೇಗೆ ಕಂಡಿತು, ಅದರಲ್ಲಿ ಯಾವುದನ್ನು ಎತ್ತಿ ತೋರಿಸಿತು ಎಂಬುದನ್ನು ಹಳೆಯ ಪೆಟ್ಟಿಗೆಯೇ ಹೇಳಬೇಕು. ಉಬ್ಬಿದ ರಿವೆಟ್ಟುಗಳು ಆ ಕಾಲದ ಕಣ್ಣಿಗೆ ಲೋಹವೆಂದರೆ ಹೀಗೆ ಎಂಬುದರ ದಾಖಲೆ. ಅದನ್ನು ನುಣುಪುಮಾಡಿದಷ್ಟೂ ಅದು 1940ಕ್ಕೆ ಹತ್ತಿರವಾಗದೆ, ನಮ್ಮ ಕಾಲಕ್ಕೆ ಹತ್ತಿರವಾಗುವ ಸಂಭವವೇ ಹೆಚ್ಚು.

ಈಗ ಆ ಪ್ರತಿಕೃತಿ ನಮ್ಮ ವಿಭಾಗದ ಗಾಜಿನ ಬೀರುವಿನಲ್ಲಿದೆ. ಎಡಮಗ್ಗುಲನ್ನು ಅಚ್ಚಿನಿಂದ ಬಂದಂತೆಯೇ ಉಳಿಸಿದ್ದೇವೆ. ಬಲಮಗ್ಗುಲಿಗೆ ಚುಕ್ಕೆಗಳನ್ನು ಮತ್ತೆ ಕೂರಿಸುವ ಪ್ರಯತ್ನ ಮಾಡಲಿಲ್ಲ. ಒಂದು ತಪ್ಪನ್ನು ಮರೆಮಾಡಲು ಇನ್ನೊಂದು ಅನುಕರಣವನ್ನು ಸೇರಿಸುವುದು ಸರಿಯೆನಿಸಲಿಲ್ಲ. ಎರಡು ಮಗ್ಗುಲು ಎರಡು ಬಗೆಯಾದ ವಸ್ತು ಯಾವ ಕಾಲಕ್ಕೂ ಸೇರದೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆಯೆಂದು ಒಪ್ಪಿಕೊಳ್ಳುತ್ತೇವೆ. ಪ್ರತಿಕೃತಿಯ ಕೆಳಗೆ ಒಂದು ಚೀಟಿಯನ್ನಿಟ್ಟು, ಅಚ್ಚು 1970ರದೆಂದೂ, ಆರಿಸಿಕೊಂಡ ಕಾಲ 1940ರ ಆಗಸ್ಟ್ ಎಂದೂ, ಬಲಗಡೆಯ ಒಡಲಿನ ರಿವೆಟ್ಟುಗಳನ್ನು ನಾವು ತಪ್ಪು ತಿಳಿವಳಿಕೆಯಿಂದ ಅಳಿಸಿದೆವೆಂದೂ ಬರೆದಿದ್ದೇವೆ. ಮುಂದೆ ಯಾರಾದರೂ ಇದನ್ನು ಆಕರವಾಗಿ ಬಳಸುವುದಾದರೆ, ಮೊದಲು ಆ ಚೀಟಿಯನ್ನು ಓದಬೇಕೆಂಬುದು ನಮ್ಮ ಕೋರಿಕೆ.