ನಿದ್ದೆಯ ಬಾಕಿ

ದೇಹಕ್ಕೆ ಬೇಕಾದ ನಿದ್ದೆ ದಿನವೂ ಅಷ್ಟಷ್ಟು ತಪ್ಪಿ, ಆ ಕೊರತೆ ತೀರದ ಸಾಲದಂತೆ ಕೂಡುತ್ತ ಹೋಗುವುದಕ್ಕೆ ನಿದ್ದೆಯ ಬಾಕಿ ಎನ್ನುತ್ತಾರೆ. ಪರೀಕ್ಷೆಗೆ ಓದುವವರು, ರಾತ್ರಿ ಪಾಳಿಯವರು, ತರಬೇತಿಯಲ್ಲಿರುವ ವೈದ್ಯರು ಇದಕ್ಕೆ ಹೆಚ್ಚಾಗಿ ಸಿಕ್ಕುತ್ತಾರೆ. ಒತ್ತಡ ನಿಭಾಯಿಸುವ ಬಗ್ಗೆ ಬರೆಯುವವರು ಊಟ, ವ್ಯಾಯಾಮ, ಧ್ಯಾನಗಳ ಸಾಲಿನಲ್ಲೇ ನಿದ್ದೆಯನ್ನೂ ಸೇರಿಸಿ ಮುಗಿಸುವುದು ವಾಡಿಕೆ. ಆದರೆ ಇದನ್ನು ಬೇರೆಯಾಗಿಯೇ ನೋಡಬೇಕು. ಹಸಿದವನಿಗೆ ತನ್ನ ಹಸಿವು ಗೊತ್ತಾಗುತ್ತದೆ. ವಾರಗಟ್ಟಲೆ ನಿದ್ದೆಗೆಟ್ಟವನಿಗೆ ತನ್ನ ಬುದ್ಧಿ ಎಷ್ಟು ಮಂಕಾಗಿದೆ ಎಂಬುದು ಸರಿಯಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಇದರ ಪರಿಹಾರವನ್ನು ಒಬ್ಬೊಬ್ಬರ ಮನೋಬಲಕ್ಕೆ ಬಿಡಲಾಗದು, ಅದು ಕೆಲಸದ ವೇಳಾಪಟ್ಟಿಯಲ್ಲೇ ಇರಬೇಕಾಗುತ್ತದೆ.

ಅಳತೆ

ಎಚ್ಚರವನ್ನು ಅಳೆಯುವ ಪರೀಕ್ಷೆ ನೋಡಲು ತೀರಾ ಸರಳ. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರದ ಕಿಂಡಿಯಲ್ಲಿ 2ರಿಂದ 10 ಸೆಕೆಂಡುಗಳ ಒಳಗೆ ಯಾವಾಗಲಾದರೂ ಅಂಕಿಗಳು ಓಡತೊಡಗುತ್ತವೆ. ಕಂಡ ಕೂಡಲೇ ಗುಂಡಿ ಒತ್ತಬೇಕು. 10 ನಿಮಿಷ ಇದೇ ಕೆಲಸ. ಅರ್ಧ ಸೆಕೆಂಡು ದಾಟಿದರೆ ಒಂದು ಲೋಪ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 48 ಆರೋಗ್ಯವಂತರ ಮೇಲೆ ಇದನ್ನು ನಡೆಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಸತತ 14 ದಿನ ರಾತ್ರಿಗೆ 6 ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರಲ್ಲಿ ಲೋಪಗಳು ದಿನದಿಂದ ದಿನಕ್ಕೆ ಏರಿ, ಎರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟದವರೆಗೂ ಹೋದವು. ಆದರೆ 'ನಿದ್ದೆ ಬರುತ್ತಿದೆಯೇ' ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಮೊದಲ ಕೆಲವು ದಿನ ಸ್ವಲ್ಪ ಏರಿ, ಆಮೇಲೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. 'ರೂಢಿಯಾದರೆ ಸರಿಹೋಗುತ್ತದೆ' ಎಂಬ ಆಕ್ಷೇಪಕ್ಕೆ ಇಲ್ಲಿ ಉತ್ತರವಿದೆ: ರೂಢಿಯಾದದ್ದು ಮಂಪರಿನ ಅನುಭವ ಮಾತ್ರ, ಕೆಲಸದ ತಪ್ಪು ಬೆಳೆಯುತ್ತಲೇ ಇತ್ತು. ಕಾಫಿಯೂ ಈ ಬಾಕಿ ತೀರಿಸುವುದಿಲ್ಲ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಕೂಡುವ ಅಡೆನೊಸಿನ್ ಎಂಬ ವಸ್ತುವಿನ ಸಂದೇಶವನ್ನು ಕೆಫೀನ್ ಕೆಲಹೊತ್ತು ತಡೆಹಿಡಿಯುತ್ತದೆ, ಅಷ್ಟೆ.

ವೈದ್ಯ ತರಬೇತಿಯ ಇತಿಹಾಸ

ಈ ವಿಷಯದಲ್ಲಿ ಅತಿ ಹೆಚ್ಚು ವಾದವಿವಾದ ನಡೆದಿರುವುದು ಆಸ್ಪತ್ರೆಗಳಲ್ಲಿ. 1889ರಲ್ಲಿ ಬಾಲ್ಟಿಮೋರಿನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ರೂಪಿಸಿದ ಪದ್ಧತಿಯಂತೆ ಶಿಷ್ಯರು ಆಸ್ಪತ್ರೆಯಲ್ಲೇ ವಾಸವಿದ್ದು ಹಗಲಿರುಳು ದುಡಿಯುತ್ತಿದ್ದರು. 'ರೆಸಿಡೆಂಟ್' ಎಂಬ ಹೆಸರಿನಲ್ಲಿ ಆ ವಾಸದ ನೆನಪು ಉಳಿದಿದೆ. ಹಾಲ್‌ಸ್ಟೆಡ್ ಮೊದಲು ಕೊಕೇನಿಗೂ ನಂತರ ಮಾರ್ಫಿನಿಗೂ ದಾಸರಾಗಿದ್ದರೆಂಬುದು ಆಮೇಲೆ ಬೆಳಕಿಗೆ ಬಂತು. ಪದ್ಧತಿ ಮಾತ್ರ ಪ್ರಶ್ನೆಯಿಲ್ಲದೆ ಮುಂದುವರಿಯಿತು. 1984ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಲಿಬಿ ಜಿಯಾನ್ ತೀರಿಕೊಂಡ ಮೇಲೆ, ಆಕೆಯನ್ನು ನೋಡಿಕೊಳ್ಳುತ್ತಿದ್ದ ಕಿರಿಯ ವೈದ್ಯರ ಸುದೀರ್ಘ ಪಾಳಿ ಚರ್ಚೆಗೆ ಬಂದು, 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಅದೇ ಮಿತಿ ಅಮೆರಿಕದ ಉದ್ದಗಲಕ್ಕೂ ಬಂತು. ಮರುವರ್ಷ ಬೋಸ್ಟನ್ನಿನ ತೀವ್ರ ನಿಗಾ ಘಟಕಗಳ ಅಧ್ಯಯನವೊಂದು, ಹಳೆಯ ದೀರ್ಘ ಪಾಳಿಯಲ್ಲಿ ಇಂಟರ್ನ್‌ಗಳ ಗಂಭೀರ ತಪ್ಪುಗಳು ಹೊಸ ಪಾಳಿಗಿಂತ 36% ಹೆಚ್ಚೆಂದು ತೋರಿಸಿತು. 2011ರಲ್ಲಿ ಮೊದಲ ವರ್ಷದವರ ಪಾಳಿ 16 ಗಂಟೆಗೆ ಇಳಿಯಿತು, 2017ರಲ್ಲಿ ಮತ್ತೆ ಸಡಿಲವಾಯಿತು.

ಸಡಿಲಿಸಿದವರ ವಾದವನ್ನು ತಳ್ಳಿಹಾಕುವಂತಿಲ್ಲ. ಪಾಳಿ ಚಿಕ್ಕದಾದಷ್ಟೂ ರೋಗಿಯ ವಿವರ ಕೈಯಿಂದ ಕೈಗೆ ದಾಟುವ ಸಲ ಹೆಚ್ಚುತ್ತದೆ. ಬೆಳಗ್ಗೆ ಬಂದವರಿಗೆ ರಾತ್ರಿಯ ಒಂದು ರಕ್ತಪರೀಕ್ಷೆಯ ವರದಿ ಹೇಳಲು ಮರೆತರೂ ಸಾಕು, ಅನಾಹುತ. ಎರಡು ದೊಡ್ಡ ಪ್ರಯೋಗಗಳಲ್ಲಿ ಪಾಳಿ ಸಡಿಲವಿದ್ದ ಕಡೆ ರೋಗಿಗಳ ಸಾವು ಹೆಚ್ಚಾದದ್ದು ಕಾಣಲಿಲ್ಲ. ಆದರೆ ಎರಡರಲ್ಲೂ ವಾರದ 80 ಗಂಟೆಯ ಮಿತಿ ಎಲ್ಲರಿಗೂ ಒಂದೇ ಆಗಿತ್ತು. ಮಿತಿಯೇ ಬೇಡವೆನ್ನಲು ಅವು ಆಧಾರವಾಗುವುದಿಲ್ಲ. 2020ರಲ್ಲಿ ಮಕ್ಕಳ ತೀವ್ರ ನಿಗಾ ಘಟಕಗಳಿಂದ ಬಂದ ಫಲಿತಾಂಶ ಇನ್ನೂ ಎಚ್ಚರಿಸುವಂಥದ್ದು: ಅಲ್ಲಿ ಚಿಕ್ಕ ಪಾಳಿಯವರೇ ಹೆಚ್ಚು ತಪ್ಪು ಮಾಡಿದ್ದರು. ಆದರೆ ಒಬ್ಬೊಬ್ಬ ವೈದ್ಯರ ಪಾಲಿಗೆ ಬಂದ ರೋಗಿಗಳ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿದಾಗ ಆ ವ್ಯತ್ಯಾಸ ಗಣನೀಯವಾಗಿ ಉಳಿಯಲಿಲ್ಲ. ಗಂಟೆ ಕಡಿತಗೊಳಿಸಿ ಅದೇ ಹೊರೆಯನ್ನು ಕಡಿಮೆ ಜನರ ಮೇಲೆ ಹೇರಿದರೆ ನಿದ್ದೆಯಿಂದ ಗಳಿಸಿದ್ದು ಅವಸರದಲ್ಲಿ ಹೋಗಬಹುದು ಎಂಬ ತೀರ್ಮಾನವೇ ಸೂಕ್ತವಾಗಿ ತೋರುತ್ತದೆ.

ಭಾರತದಲ್ಲಿ

ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ನಿರ್ದೇಶನದ ಪ್ರಕಾರ ಕಿರಿಯ ವೈದ್ಯರ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ, ವಾರಕ್ಕೆ 48 ಗಂಟೆ ಮೀರಕೂಡದು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಸೂಚಿಸಿದ್ದು ವಾರಕ್ಕೆ ಗರಿಷ್ಠ 74 ಗಂಟೆ, ಒಂದು ದಿನ ರಜೆ, ದಿನಕ್ಕೆ 7-8 ಗಂಟೆ ನಿದ್ದೆ. ಹಳೆಯ ಮಿತಿಗಿಂತ ಇದು ಬಹಳ ಮೇಲಿದ್ದರೂ, ನಿದ್ದೆಯನ್ನು ಗಂಟೆಯ ಲೆಕ್ಕದಲ್ಲೇ ಹೆಸರಿಸಿರುವುದು ಮಹತ್ವದ ಸಂಗತಿ. ವಾರದ 168 ಗಂಟೆಗಳಲ್ಲಿ 74 ಡ್ಯೂಟಿಗೆ, 56 ನಿದ್ದೆಗೆ ಹೋದರೆ ಉಳಿಯುವುದು 38. ದಿನಕ್ಕೆ ಐದೂವರೆ ಗಂಟೆಯೂ ತುಂಬುವುದಿಲ್ಲ. ಸ್ನಾನ, ಊಟ, ಓಡಾಟ, ಮನೆಗೆ ಒಂದು ಫೋನು, ಸ್ನಾತಕೋತ್ತರ ಪರೀಕ್ಷೆಯ ಓದು, ಪ್ರಬಂಧದ ಬರವಣಿಗೆ ಎಲ್ಲವೂ ಅದರೊಳಗೇ ಆಗಬೇಕು.